ಪೋಸ್ಟ್‌ಗ್ರೆಸ್ ಸರ್ವರ್‌ಗೆ ಶೇರ್ಡ್ ಮೆಮೊರಿ ಹೊಂದಿಸುವುದು ಹೇಗೆ?

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪ್ರಕ್ರಿಯೆಗಳೆಲ್ಲವೂ ಸೇರಿ ಬಳಸುವ ಮೆಮೊರಿಯ ಬಹುಭಾಗ ‘ಶೇರ್ಡ್ ಬಫರ್ಸ್’ ಎಂಬ ಆಯ್ಕೆಯ ಅಧೀನದಲ್ಲಿರುತ್ತದೆ. ಡಿಸ್ಕಿನಿಂದ ಓದಿದ ದತ್ತಾಂಶ ಉಳಿಯುವುದು ಇಲ್ಲೇ. ಹೊಸದಾಗಿ ಸ್ಥಾಪಿಸಿದಾಗ ಇದರ ಗಾತ್ರ ಸಾಮಾನ್ಯವಾಗಿ 128 ಎಂಬಿ ಮಾತ್ರ. ದೊಡ್ಡ ಸರ್ವರನ್ನು ಈ ಗಾತ್ರದಲ್ಲೇ ವರ್ಷಗಟ್ಟಲೆ ಓಡಿಸುವುದು ಎಷ್ಟು ತಪ್ಪೋ, ಇರುವ ರ್‍ಯಾಮನ್ನೆಲ್ಲ ಇದಕ್ಕೇ ಧಾರೆಯೆರೆಯುವುದೂ ಅಷ್ಟೇ ತಪ್ಪು.

ಮೊದಲು ಗಾತ್ರ ನಿರ್ಧರಿಸಿ. ಡೇಟಾಬೇಸಿಗೆಂದೇ ಮೀಸಲಾದ ಯಂತ್ರದಲ್ಲಿ ರ್‍ಯಾಮಿನ ಶೇ 25ರಿಂದ ಆರಂಭಿಸಬೇಕೆಂದೂ ಶೇ 40ನ್ನು ಮೀರಿದರೆ ಹೆಚ್ಚಿನ ಲಾಭ ಸಿಗುವುದು ಅಪರೂಪವೆಂದೂ ಅಧಿಕೃತ ಕೈಪಿಡಿ ಹೇಳುತ್ತದೆ. ಅಂದರೆ 16 ಜಿಬಿ ರ್‍ಯಾಮಿದ್ದರೆ 4 ಜಿಬಿ. ಪೋಸ್ಟ್‌ಗ್ರೆಸ್ 8 ಕೆಬಿಯ ಪುಟಗಳಲ್ಲಿ ದತ್ತಾಂಶವನ್ನು ಓದುವಾಗ ಲಿನಕ್ಸ್ ಕೂಡ ಅದೇ ಪುಟವನ್ನು ತನ್ನ ಕ್ಯಾಶ್‌ನಲ್ಲಿ (ಮತ್ತೆ ಬೇಕಾದಾಗ ಬೇಗ ಸಿಗಲೆಂದು ರ್‍ಯಾಮಿನಲ್ಲಿರುವ ತಾತ್ಕಾಲಿಕ ಜಾಗ) ಇಟ್ಟುಕೊಳ್ಳುತ್ತದೆಯಾದ್ದರಿಂದ, ಆ ಕ್ಯಾಶ್‌ಗೂ ಪ್ರತಿ ಸಂಪರ್ಕದ ಸಾರ್ಟಿಂಗ್ ಮುಂತಾದ ಕೆಲಸಗಳಿಗೂ ಜಾಗ ಉಳಿದಿರಲೇಬೇಕು.

ಬಳಿಕ ಸೂಪರ್‌ಯೂಸರ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಿ, ಆದೇಶಗಳನ್ನು ಟೈಪ್ ಮಾಡುವ ಸಾಧನವಾದ ಪಿಎಸ್‌ಕ್ಯುಎಲ್ ಪ್ರವೇಶಿಸಿ, ‘ಶೋ’ ಆದೇಶದಿಂದ ಈಗಿನ ಮೌಲ್ಯವನ್ನು ನೋಡಿ, ‘ಆಲ್ಟರ್ ಸಿಸ್ಟಂ ಸೆಟ್’ ಆದೇಶದಿಂದ ಹೊಸ ಮೌಲ್ಯ ಕೊಡಿ. ಆಯ್ಕೆಯ ಹೆಸರಿನ ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಇರಬೇಕು. ಜಿಬಿ ಅಥವಾ ಎಂಬಿ ಎಂಬ ಏಕಮಾನವನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆಯುವುದನ್ನು ಮರೆಯಬೇಡಿ. ಬರೀ 4096 ಎಂದು ಕೊಟ್ಟರೆ ಅದನ್ನು 8 ಕೆಬಿ ಪುಟಗಳ ಲೆಕ್ಕದಲ್ಲಿ ಓದಿಕೊಳ್ಳುವುದರಿಂದ ನಿಮಗೆ ಸಿಗುವುದು 32 ಎಂಬಿ. ಈ ಆದೇಶವು ಮೌಲ್ಯವನ್ನು ‘ಆಟೋ ಡಾಟ್ ಕಾನ್ಫ್’ ಎಂದು ಕೊನೆಗೊಳ್ಳುವ ಬೇರೊಂದು ಕಡತಕ್ಕೆ ಬರೆಯುತ್ತದೆ ಮತ್ತು ಸೆಟ್ಟಿಂಗ್‌ಗಳ ಮುಖ್ಯ ಕಡತಕ್ಕಿಂತ ಅದರ ಮಾತೇ ನಡೆಯುತ್ತದೆ. ಮುಖ್ಯ ಕಡತವನ್ನು ಎಷ್ಟು ತಿದ್ದಿದರೂ ಬದಲಾವಣೆ ಕಾಣಿಸದಿದ್ದರೆ ಮೊದಲು ಇಲ್ಲಿ ಹುಡುಕಿ.

ಈಗ ಸರ್ವರನ್ನು ರೀಸ್ಟಾರ್ಟ್ ಮಾಡಬೇಕು, ರೀಲೋಡ್ ಸಾಲದು. ಮೆಮೊರಿ ಸಿಗದೆ ಸರ್ವರ್ ಏಳದಿದ್ದರೆ ಆ ‘ಆಟೋ’ ಕಡತದಲ್ಲಿನ ಸಾಲನ್ನು ಕೈಯಾರೆ ತೆಗೆದು ಮತ್ತೆ ಆರಂಭಿಸಿ.

ಲಿನಕ್ಸ್‌ನ ತಿರುಳಾದ ಕರ್ನಲ್‌ನ ‘ಎಸ್‌ಎಚ್‌ಎಂ‌ಮ್ಯಾಕ್ಸ್’ ಎಂಬ, ಶೇರ್ಡ್ ಮೆಮೊರಿಯ ಒಂದು ತುಂಡಿನ ಗರಿಷ್ಠ ಗಾತ್ರದ ಮಿತಿಯನ್ನೂ ಏರಿಸಿ ಎನ್ನುವ ಹಳೆಯ ಮಾರ್ಗದರ್ಶಿಗಳು ಇನ್ನೂ ಚಲಾವಣೆಯಲ್ಲಿವೆ. 2013ರಲ್ಲಿ ಬಂದ 9.3ನೇ ಆವೃತ್ತಿಯಿಂದೀಚೆಗೆ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ.

ಅದರ ಬದಲು ಗಮನ ಕೊಡಬೇಕಾದದ್ದು ಹ್ಯೂಜ್ ಪೇಜ್‌ಗಳಿಗೆ, ಅಂದರೆ ಕರ್ನಲ್ ಮೆಮೊರಿಯನ್ನು ಹಂಚುವ ದೊಡ್ಡ ಗಾತ್ರದ ಪುಟಗಳಿಗೆ. 4 ಜಿಬಿಯನ್ನು 4 ಕೆಬಿಯ ಮಾಮೂಲಿ ಪುಟಗಳಾಗಿ ಹಂಚಿದರೆ ಹತ್ತು ಲಕ್ಷಕ್ಕೂ ಹೆಚ್ಚು ಪುಟಗಳಾಗುತ್ತವೆ. ಅಷ್ಟನ್ನೂ ಮುಟ್ಟಿದ ಪ್ರತಿಯೊಂದು ಪ್ರಕ್ರಿಯೆಗೂ ಸುಮಾರು 8 ಎಂಬಿಯ ಪುಟಪಟ್ಟಿ (ಯಾವ ಪುಟ ರ್‍ಯಾಮಿನಲ್ಲಿ ಎಲ್ಲಿದೆ ಎಂಬ ದಾಖಲೆ) ಬೇಕಾಗುವುದರಿಂದ, 200 ಸಂಪರ್ಕಗಳಿರುವ ಸರ್ವರಿನಲ್ಲಿ ಕೇವಲ ಈ ಪಟ್ಟಿಗಳೇ 1.6 ಜಿಬಿಯಷ್ಟು ರ್‍ಯಾಮನ್ನು ನುಂಗಬಲ್ಲವು. 2 ಎಂಬಿಯ ಹ್ಯೂಜ್ ಪೇಜ್‌ಗಳಾದರೆ 2048 ಮತ್ತು ಇತರ ಬಳಕೆಗೆಂದು ಇನ್ನಷ್ಟು ಸಾಕು. ಕರ್ನಲ್ ಮೀಸಲಿಡಬೇಕಾದ ನಿಖರ ಸಂಖ್ಯೆಯನ್ನು 15ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ತಾನೇ ಲೆಕ್ಕ ಹಾಕಿ ತಿಳಿಸುತ್ತದೆ.

ಕೆಲವು ದಿನಗಳ ನಿಜವಾದ ಬಳಕೆಯ ನಂತರವೇ ಫಲಿತಾಂಶ ಅಳೆಯಿರಿ. ಬಫರ್‌ನಲ್ಲಿ ಸಿಗದ ಪುಟಗಳ ಎಣಿಕೆಯಲ್ಲಿ ಲಿನಕ್ಸ್ ಕ್ಯಾಶ್‌ನಿಂದ ಬಂದವೂ ಸೇರಿರುತ್ತವೆ, ಆದ್ದರಿಂದ ಆ ಎಣಿಕೆಯೊಂದನ್ನೇ ನಂಬದೆ ‘ಟ್ರ್ಯಾಕ್ ಐಒ ಟೈಮಿಂಗ್’ ಆನ್ ಮಾಡಿ ಓದುವುದಕ್ಕೆ ಹಿಡಿಯುವ ಸಮಯವನ್ನು ಗಮನಿಸಿ. ಆ ಸಮಯ ಇಳಿಯದಿದ್ದರೆ ಬಫರನ್ನು ಇನ್ನೂ ಹಿಗ್ಗಿಸುವ ಮೊದಲು, ಇಡೀ ಟೇಬಲ್ಲನ್ನು ಜಾಲಾಡುತ್ತಿರುವ ಕ್ವೆರಿಗಳಿಗೆ ಸರಿಯಾದ ಇಂಡೆಕ್ಸ್ ಇದೆಯೇ ಎಂದು ನೋಡಿ.