ಹವಾಮಾನ ಬದಲಾವಣೆ: ಊರಿನ ಸಭೆಯಲ್ಲಿ ಚರ್ಚೆ ನಡೆಸುವ ಕ್ರಮ

ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆ (ತುಳುನಾಡಿನಲ್ಲಿ ಆಟ, ಕೋಲಗಳಿಗೆ ತೆರೆ ಬೀಳುವ ದಿನ) ಕಳೆದ ಮೇಲೆ ದಿನ ಗೊತ್ತುಮಾಡಿ. ಆಗ ಯಕ್ಷಗಾನ ಮೇಳಗಳ ತಿರುಗಾಟ ಮುಗಿದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮಲ್ಪೆಯ ಬೋಟಿನವರೂ ಸಿಗುತ್ತಾರೆ. ಅವರನ್ನು ಬಿಟ್ಟು ಕಡಲಿನ ಮಾತು ಆಡುವುದರಲ್ಲಿ ಅರ್ಥವಿಲ್ಲ. ಯುವಕ ಮಂಡಲದ ಕಟ್ಟಡಕ್ಕೆ ಶೀಟಿನ ಮಾಡಾದರೆ ಬೇರೆ ಜಾಗ ನೋಡಿ. ಮಳೆ ಹೊಯ್ದರೆ ಮೈಕೂ ಕೇಳಿಸುವುದಿಲ್ಲ.

ವೇದಿಕೆಯ ಮೇಲೆ ಪರ ಒಬ್ಬರು, ವಿರೋಧ ಒಬ್ಬರು ಎಂದು ಕೂರಿಸಲೇಬೇಡಿ. ವಿಜ್ಞಾನಿಗಳೂ ಅರ್ಧಕ್ಕರ್ಧ ಒಡೆದುಹೋಗಿದ್ದಾರೆ ಎಂದು ಸಭಿಕರಿಗೆ ಅನಿಸುತ್ತದೆ, ಅದು ಸುಳ್ಳು. ಅಲ್ಲದೆ ನಾವು ತಾಳಮದ್ದಲೆ (ವೇಷವಿಲ್ಲದೆ ಕೂತು ಪುರಾಣದ ಪಾತ್ರಗಳ ಪರವಾಗಿ ವಾದಿಸುವ ಯಕ್ಷಗಾನ) ಕೇಳಿ ಬೆಳೆದವರು, ಚುರುಕು ಮಾತಿಗೆ ಚಪ್ಪಾಳೆ ಬೀಳುತ್ತದೆ. ವಾಲಿಯ ಅರ್ಥ ಹೇಳುವವರು ರಾಮನ ಬಾಯಿ ಕಟ್ಟಬಹುದು, ಥರ್ಮಾಮೀಟರಿನದ್ದು ಆಗದು.

ಬದಲಿಗೆ ಬಂದವರಿಗೆಲ್ಲ ಚೀಟಿ ಕೊಟ್ಟು, ಒಂದು ಚೀಟಿಗೆ ಒಂದೇ ಸಂಶಯದಂತೆ ಹೆಸರಿಲ್ಲದೆ ಬರೆಸಿ. ಹಲಗೆಯ ಮೇಲೆ ನಾಲ್ಕು ಕಲಂ ಎಳೆಯಿರಿ: ಬಿಸಿ ಏರಿದೆಯೇ, ಕಾರಣ ಯಾರು, ನಮ್ಮೂರಿಗೆ ಏನಾಗುತ್ತಿದೆ, ಏನು ಮಾಡಬೇಕು. ಚೀಟಿಗಳನ್ನು ವಿಂಗಡಿಸಿಕೊಂಡ ಮೇಲೆಯೇ ಮಾತು ಶುರು.

ಮೊದಲ ಕಲಂ ಬೇಗ ಮುಗಿಯುತ್ತದೆ. "ಆ ವರ್ಷ ಇದಕ್ಕಿಂತ ಸೆಕೆ ಇತ್ತು" ಎಂಬ ಚೀಟಿ ಬಂದೇ ಬರುತ್ತದೆ. ಒಂದು ವರ್ಷಕ್ಕೆ ಒಂದು ವರ್ಷ ಹೋಲಿಸಬೇಡಿ. ಪಣಂಬೂರು ಮತ್ತು ಬಜ್ಪೆ ಹವಾಮಾನ ಕೇಂದ್ರಗಳ ಅಂಕಿಗಳನ್ನು 30 ವರ್ಷದ ಸರಾಸರಿಯ ಪಕ್ಕ ಇಟ್ಟು ತೋರಿಸಿ. "ಕಾಂಕ್ರೀಟು ಹೆಚ್ಚಾಯಿತು, ಅದಕ್ಕೇ ಸೆಕೆ" ಎಂಬುದು ಮಂಗಳೂರು ಪೇಟೆ ನಡುವಿನ ಹಂಪನಕಟ್ಟೆಯ ಮಟ್ಟಿಗೆ ನಿಜವೇ. ಆದರೆ ಕಡಲಿನ ಮೇಲೆ ಕಾಂಕ್ರೀಟಿಲ್ಲ: ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರೊಳಗೆ ಸುಮಾರು 1 ಡಿಗ್ರಿ ಬಿಸಿಯಾಗಿದೆ. ಇದೇ ಸಂಶಯ ಇಟ್ಟುಕೊಂಡು ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ದಾಖಲೆಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿಸಿ, ಭೂಮಿ ಬಿಸಿಯಾಗಿದೆ, ಕಾರಣ ಮನುಷ್ಯನೇ ಎಂದು 2012ರಲ್ಲಿ ಒಪ್ಪಿಕೊಂಡರು.

ಎರಡನೆಯದಕ್ಕೆ ಸಮಯ ಇಡಿ. "ಪ್ರಕೃತಿಯೇ ನಮಗಿಂತ ಎಷ್ಟೋ ಪಾಲು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ" ಎನ್ನುವವರು ಅರ್ಧ ಸರಿ ಹೇಳುತ್ತಿದ್ದಾರೆ. ಉತ್ತರವನ್ನು ಬಾಯಲ್ಲಿ ಹೇಳದೆ ಹಲಗೆಯ ಮೇಲೆ ಲೆಕ್ಕ ಮಾಡಿ. ಗಾಳಿಯಲ್ಲಿ ಈ ಅನಿಲ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಏರಲು ಸುಮಾರು 780 ಕೋಟಿ ಟನ್ ಬೇಕು. ಮನುಷ್ಯರು ವರ್ಷಕ್ಕೆ ಬಿಡುವುದು ಸುಮಾರು 4,000 ಕೋಟಿ ಟನ್. ಭಾಗಿಸಿದರೆ 5 ಪಿಪಿಎಂ. ಅಳತೆಯಲ್ಲಿ ಕಾಣುವ ಏರಿಕೆ ಸುಮಾರು 2.5 ಮಾತ್ರ. ಉಳಿದರ್ಧವನ್ನು ಕಡಲೂ ಕಾಡೂ ನುಂಗಿವೆ. ಅಂದರೆ ಪ್ರಕೃತಿ ಬಿಟ್ಟದ್ದಕ್ಕಿಂತ ಹೆಚ್ಚು ಎಳೆದುಕೊಂಡಿದೆ. ಹವಾಯಿಯ ಮೌನಾ ಲೋವಾ ಅಳತೆ ಕೇಂದ್ರದಲ್ಲಿ 1958ರಲ್ಲಿ 315 ಪಿಪಿಎಂ ಆಸುಪಾಸು ಇದ್ದದ್ದು 2024ಕ್ಕೆ 425ರ ಹತ್ತಿರ ಬಂತು. ಜ್ವಾಲಾಮುಖಿ ಎಂದು ಹಟ ಹಿಡಿದರೆ, ಗಾಳಿಯ ಆಮ್ಲಜನಕವೂ ಜೊತೆಜೊತೆಗೇ ಇಳಿಯುತ್ತಿರುವುದನ್ನು ತೋರಿಸಿ. ಏನನ್ನೋ ಸುಟ್ಟಾಗ ಆಗುವುದು ಅದು. ಸೂರ್ಯ ಕಾರಣವಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ.

ಮೂರನೆಯ ಕಲಮಿನಲ್ಲಿ ಎಡವುವವರು ಹೆಚ್ಚಾಗಿ ಹವಾಮಾನ ಬದಲಾವಣೆಯನ್ನು ನಂಬಿದವರೇ. ಉಳ್ಳಾಲದ ಕಡಲ್ಕೊರೆತದ ಫೋಟೋ ಹಾಕಿ ಎಲ್ಲವನ್ನೂ ಸಮುದ್ರಮಟ್ಟದ ತಲೆಗೆ ಕಟ್ಟುತ್ತಾರೆ. ಜಗತ್ತಿನ ಸರಾಸರಿ ಸಮುದ್ರಮಟ್ಟ 1901ರಿಂದ 2018ರವರೆಗೆ ಏರಿದ್ದು ಸುಮಾರು 20 ಸೆಂಟಿಮೀಟರ್. ಉಳ್ಳಾಲದಲ್ಲಿ ನೇತ್ರಾವತಿ ಅಳಿವೆಯ ಬ್ರೇಕ್‌ವಾಟರ್ (ಅಲೆ ತಡೆಯುವ ಕಲ್ಲಿನ ಗೋಡೆ) ಮರಳಿನ ಓಡಾಟಕ್ಕೆ ಅಡ್ಡ ಬಂದದ್ದನ್ನೂ ಹೇಳಲೇಬೇಕು. ಇಲ್ಲಿ ಸಂಶಯಪಡುವವರಿಗೆ ಸರಿ ಎಂದು ಒಪ್ಪಿಬಿಡಿ. ಒಪ್ಪದೆ ಎಳೆದಾಡಿದರೆ ಎರಡನೇ ಕಲಮಿನ ಲೆಕ್ಕವನ್ನೂ ಅವರು ನಂಬುವುದಿಲ್ಲ.

ನಾಲ್ಕನೆಯದರಲ್ಲಿ ತೀರ್ಪು ಕೊಡಬೇಡಿ. ಪಡುಬಿದ್ರಿ ಬಳಿಯ 1,200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಇರಬೇಕೇ, ತಲಾ ಲೆಕ್ಕದಲ್ಲಿ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಬಿಡುವ ಭಾರತ ಎಷ್ಟು ಹೊರೆ ಹೊರಬೇಕು ಎಂಬುದು ರಾಜಕೀಯದ ಪ್ರಶ್ನೆ. ಜಗಳ ಆದರೆ ಆಗಲಿ.

ಒಬ್ಬರೇ ಎದ್ದು ಹತ್ತು ಪ್ರಶ್ನೆ ಸುರಿದರೆ ಒಂದನ್ನು ಮಾತ್ರ ಆರಿಸಿಕೊಳ್ಳಲು ಹೇಳಿ. ಉತ್ತರ ಗೊತ್ತಿಲ್ಲದ ಚೀಟಿಯನ್ನು ಹಲಗೆಯ ಮೂಲೆಯಲ್ಲಿ ಅಂಟಿಸಿ, ಮುಂದಿನ ಸಭೆಗೆ ಇಡಿ. ಚಹಾ ಮತ್ತು ಗೋಳಿಬಜೆ ಮೂರನೇ ಕಲಂ ಮುಗಿದ ಕೂಡಲೇ ಬೇಡ, ನಾಲ್ಕನೆಯದರ ನಡುವೆ ಕೊಡಿ. ಮೊದಲೇ ಕೊಟ್ಟರೆ ಅರ್ಧ ಜನ ಕೊಡೆ ಹುಡುಕಿಕೊಂಡು ಹೊರಡುತ್ತಾರೆ.