ಕೀಲುನೋವಿಗೆ ಬಂದವರ ಬಿಪಿ, ಕೊಲೆಸ್ಟ್ರಾಲ್ ಹಿಡಿದದ್ದು: ನನ್ನ ಅನುಭವ

"ಕೀಲು ನೋಡೋನು ಕೀಲು ನೋಡಪ್ಪ, ಹಾರ್ಟ್ ಉಸಾಬರಿ ನಿನಗ್ಯಾಕೆ?" ಎಂದು ನಕ್ಕ ಗೆಳೆಯರೇ ಈಗ ಫೋನ್ ಮಾಡಿ "ಹೆಂಗ್ ಮಾಡ್ದೆ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆರ್‌ಎ, ಅಂದರೆ ರುಮಟಾಯ್ಡ್ ಸಂಧಿವಾತ ಇದ್ದವರಿಗೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಅದಕ್ಕೇ ಬಿಪಿ, ಕೊಲೆಸ್ಟ್ರಾಲ್ ಇತ್ಯಾದಿ ಸೇರಿಸಿ ಆ ಅಪಾಯ ಅಳೆಯುವ ರಿಸ್ಕ್ ಸ್ಕೋರನ್ನು ಇವರಲ್ಲಿ 1.5ರಿಂದ ಗುಣಿಸಬೇಕು ಅಂತ ಯೂರೋಪಿನ ಕೀಲುರೋಗ ತಜ್ಞರ ಒಕ್ಕೂಟ ಯೂಲಾರ್ ಹೇಳಿದೆ. ಯಾರ ಬಿಪಿ, ಕೊಲೆಸ್ಟ್ರಾಲೂ ನೋಡಿರದ ನನ್ನ ಹತ್ತಿರ ಗುಣಿಸೋಕೆ ಅಂಕಿಯೇ ಇರಲಿಲ್ಲ.

ಮೊದಲ ವರ್ಷ ಹೊಸಬರು ಬಂದ ದಿನವೇ ಲಿಪಿಡ್ (ಕೊಲೆಸ್ಟ್ರಾಲ್) ಪರೀಕ್ಷೆ ಬರೆದೆ. ಉರಿಯೂತ ತೋರಿಸೋ ರಕ್ತಪರೀಕ್ಷೆ ಸಿಆರ್‌ಪಿ 60, 70 ಇರೋ ಹೊತ್ತು, ಅಂದರೆ ರೋಗ ಜೋರಿರೋ ಹೊತ್ತು. ಕೊಲೆಸ್ಟ್ರಾಲ್ 140, 150 ಬರೋದು. "ಏನೂ ಭಯ ಇಲ್ಲ" ಅಂದು ಕಳಿಸಿದೆ. ಅವರಲ್ಲೊಬ್ಬರು, ಐವತ್ತು ದಾಟದ ಹೆಂಗಸು, ಎಂಟು ತಿಂಗಳಿಗೆ ಹಾರ್ಟ್ ಅಟ್ಯಾಕ್ ಆಗಿ ಐಸಿಯು ಸೇರಿದರು. ಪುಣ್ಯಕ್ಕೆ ಉಳಿದರು. ಉರಿಯೂತ ಜೋರಿದ್ದಾಗ ಕೊಲೆಸ್ಟ್ರಾಲ್ ಇಳಿದೇ ಇರುತ್ತೆ, ರೋಗ ಹತೋಟಿಗೆ ಬಂದ ಮೇಲೆ ಏರುತ್ತೆ ಅಂತ ಓದಿದ್ದೆ. ರಿಪೋರ್ಟ್ ಕೈಯಲ್ಲಿ ಹಿಡಿದಾಗ ನೆನಪಾಗಲಿಲ್ಲ, ಅಷ್ಟೇ.

ಆಮೇಲೆ ಹೃದ್ರೋಗ ತಜ್ಞರಿಗೆ ಚೀಟಿ ಬರೆದು ಕಳಿಸಿದೆ. ಹತ್ತರಲ್ಲಿ ಇಬ್ಬರು ಹೋದರೆ ಹೆಚ್ಚು. ಬಸ್ ಚಾರ್ಜು, ಫೀಸು, ಒಂದು ದಿನದ ಕೂಲಿ ಸೇರಿ ಸಾವಿರದ ಮೇಲಾಗುತ್ತೆ, ಯಾರು ಹೋಗ್ತಾರೆ? ಅದಕ್ಕೆಂದು ಬಣ್ಣದ ಕಾರ್ಡು ಅಚ್ಚು ಹಾಕಿಸಿದ ಎಂಟು ಸಾವಿರವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಕೊನೆಗೆ ಹೊಳೆದದ್ದು ಇಷ್ಟೇ. ಆರ್‌ಎಗೆ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ಳೋರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಬಂದೇ ಬರ್ತಾರೆ. ಸಿಆರ್‌ಪಿ ಇಳಿದ ಮೇಲಿನ ಸರದಿಯಲ್ಲಿ, ಅದೇ ಸೂಜಿಯ ರಕ್ತಕ್ಕೆ ಲಿಪಿಡ್, ಜೊತೆಗೆ ಸಕ್ಕರೆ ಕಾಯಿಲೆ ತಿಳಿಸೋ ಎಚ್‌ಬಿಎ1ಸಿ ಸೇರಿಸಿದೆ. ಉಪವಾಸ ಬೇಡ ಅಂದೆ, ಅರ್ಧ ತಕರಾರು ಅಲ್ಲಿಗೇ ನಿಂತಿತು. ಲಿಪಿಡ್‌ಗೆ 450 ಕೇಳುತ್ತಿದ್ದ ಲ್ಯಾಬಿನವರನ್ನು 150ಕ್ಕೆ ಒಪ್ಪಿಸಿದೆ. ಹೇಗೆ ಅಂತ ಮಾತ್ರ ಕೇಳಬೇಡಿ.

ಬಿಪಿ ನೋಡೋದು ಕಾಯುವ ಬೆಂಚಿನಲ್ಲೇ, ನಮ್ಮ ಸಿಸ್ಟರ್. ಸುಮಾರು 200 ಜನರಲ್ಲಿ 60–70 ಜನಕ್ಕೆ ಬಿಪಿ ಜಾಸ್ತಿ ಇತ್ತು. ಅರ್ಧ ಜನಕ್ಕೆ ಅದು ಗೊತ್ತೇ ಇರಲಿಲ್ಲ.

ರಾಣೆಬೆನ್ನೂರು ಕಡೆಯ ಒಬ್ಬ ಅಜ್ಜಿ ಮೊದಲು ಬಿಪಿ ಪಟ್ಟಿ ಸುತ್ತೋಕೇ ಬಿಡಲಿಲ್ಲ. "ನನ್ನ ಕೀಲು ನೋಯ್ತಾವ್ರಿ ಸರ, ಬಿಪಿ ಯಾಕ್ ನೋಡ್ತೀರಿ?" ಕೊನೆಗೂ ನೋಡಿದರೆ 170/100. ಏನೇನು ಗುಳಿಗೆ ನುಂಗ್ತೀರಿ ಅಂದರೆ ಸೆರಗಿನ ಗಂಟು ಬಿಚ್ಚಿದರು. ಪೇಪರ್ ಪೊಟ್ಟಣದಲ್ಲಿ ನೋವಿನ ಮಾತ್ರೆ ಡೈಕ್ಲೋಫೆನಾಕ್, ಜೊತೆಗೆ ಸಣ್ಣ ಬಿಳಿ ಸ್ಟೆರಾಯ್ಡ್. ಎರಡೂ ಬಿಪಿ ಏರಿಸುವಂಥವು. ಎರಡು ವರ್ಷದಿಂದ ಯಾವುದೋ ಅಂಗಡಿಯವರು ಕಟ್ಟಿಕೊಡುತ್ತಿದ್ದರಂತೆ. ಪೊಟ್ಟಣದ ಹಿಂದೆಯೇ ಒಂದು ಚೂರು ಹೊಗೆಸೊಪ್ಪೂ ಉದುರಿತು. ಅವತ್ತಿನಿಂದ ನಾನು "ಸಿಗರೇಟ್ ಸೇದ್ತೀರಾ?" ಅಂತ ಹೆಂಗಸರನ್ನು ಕೇಳೋದು ಬಿಟ್ಟೆ. "ಎಲೆಅಡಿಕೆ ಜೊತೆ ಏನು ಹಾಕ್ಕೋತೀರಿ?" ಅಂದರೆ ನಿಜ ಬರುತ್ತೆ.

ನಡುವೆ ಒಂದು ಸಣ್ಣ ಪ್ರಯೋಗ. ಬಿಪಿ ತೀರಾ ಜಾಸ್ತಿ ಇಲ್ಲದ ಹನ್ನೆರಡು ಜನಕ್ಕೆ ಬಿಪಿ ಮಾತ್ರೆಗೆ ಮುಂಚೆ ಎರಡು ವಾರ ನೋವಿನ ಮಾತ್ರೆ ಮಾತ್ರ ನಿಲ್ಲಿಸಿ ನೋಡಿದೆ. ನಾಲ್ಕೈದು ಜನಕ್ಕೆ ಅಷ್ಟಕ್ಕೇ ಇಳಿಯಿತು. ಇಬ್ಬರು ನೋವು ತಾಳದೆ ಬೈದು ಹೋದರು. ಆರ್‌ಎಯ ಇನ್ನೊಂದು ಔಷಧಿ ಲೆಫ್ಲುನೊಮೈಡ್ ತಗೊಳ್ಳೋರಲ್ಲಿ ಇದನ್ನು ಮಾಡಲಿಲ್ಲ, ಅದೂ ಬಿಪಿ ಏರಿಸುತ್ತಲ್ವಾ.

ಅಜ್ಜಿ ವಿಷಯದಲ್ಲಿ ಪ್ರಯೋಗದ ಧೈರ್ಯ ಬರಲಿಲ್ಲ. ನೇರ ಬಿಪಿ ಮಾತ್ರೆ ಆಮ್ಲೋಡಿಪಿನ್ ಕೊಟ್ಟೆ, ಡೈಕ್ಲೋಫೆನಾಕ್ ನಿಲ್ಲಿಸಿದೆ, ಸ್ಟೆರಾಯ್ಡ್ ಮೆಲ್ಲಗೆ ಇಳಿಸಿದೆ. ಸಿಆರ್‌ಪಿ ಇಳಿದ ಮೇಲೆ ನೋಡಿದರೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 160ರ ಹತ್ತಿರ! ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಶುರುವಾಯಿತು. ಹೋದ ತಿಂಗಳು ಬಿಪಿ 136/84. ಹೊಗೆಸೊಪ್ಪು? "ಅರ್ಧ ಬಿಟ್ಟೀನ್ರಿ" ಅಂತಾರೆ. ಸಿಸ್ಟರ್ ಸೆರಗಿನ ಕಡೆ ನೋಡಿದರೆ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಳ್ತಾರೆ.