ಕುಲಪತಿ ಕುರ್ಚಿಯಲ್ಲಿ ಕೂತು ತಾಲ್ಲೂಕಿನ ಲೆಕ್ಕ ಕೇಳಿದ್ದು

ನಾನು ಅರ್ಥಶಾಸ್ತ್ರದ ಮಾಸ್ತರು. ಗದಗಿನ ಡಿಗ್ರಿ ಕಾಲೇಜಿನಲ್ಲಿ ಶುರು ಮಾಡಿ, ಧಾರವಾಡದಲ್ಲಿ ಪ್ರಾಧ್ಯಾಪಕನಾಗಿ, ನಡುವೆ ಬೆಂಗಳೂರಿನಲ್ಲಿ ಸರ್ಕಾರದ ಯೋಜನೆ ಕೆಲಸಕ್ಕೆ ನಿಯೋಜನೆ ಮೇಲೆ ಹೋಗಿಬಂದೆ. ಕಡೆಗೆ ಕುಲಪತಿಯಾದೆ. ಆ ಸರ್ಕಾರಿ ಕೆಲಸದಿಂದ ಏನು ಉಪಯೋಗ ಆಯ್ತು ಅಂತ ಕೆಲವರು ಕೇಳುತ್ತಾರೆ. ಒಂದು ಚಟ ಹತ್ತಿತು. ಯಾರು ಯಾವ ಅಂಕಿ ತಂದರೂ "ತಾಲ್ಲೂಕುವಾರು ಕೊಡ್ರಿ" ಅನ್ನುವುದು.

ಅದು ರಾಜ್ಯದ ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪನವರು ಕೊಟ್ಟ ವರದಿಯಿಂದ ಬಂದದ್ದು. ಅವರೂ ಅರ್ಥಶಾಸ್ತ್ರದವರೇ, ಧಾರವಾಡದಲ್ಲಿ ಕುಲಪತಿಯಾಗಿದ್ದವರು. 2002ರ ವರದಿಯಲ್ಲಿ ಅವರ ಸಮಿತಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕು ಹಿಡಿದು ಅಳೆಯಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಜಿಲ್ಲೆಯ ಸರಾಸರಿ ತೆಗೆದರೆ ಬಡ ತಾಲ್ಲೂಕು ಅದರೊಳಗೆ ಮುಚ್ಚಿಹೋಗುತ್ತದೆ, ಅಲ್ವಾ?

ನಮ್ಮಲ್ಲಿ ಫಲಿತಾಂಶವನ್ನು ಕಾಲೇಜುವಾರು ನೋಡುವ ರೂಢಿ. ನಾನು ವಿದ್ಯಾರ್ಥಿಯ ಊರು ಹಿಡಿದು ಪಟ್ಟಿ ಕೇಳಿದೆ. ಪರೀಕ್ಷೆಗಳ ಉಸ್ತುವಾರಿ ಹೊತ್ತ ಮೌಲ್ಯಮಾಪನ ಕುಲಸಚಿವರು ಮುಖ ಸಣ್ಣ ಮಾಡಿದರೂ ತೆಗೆಸಿಕೊಟ್ಟರು. ಮಧ್ಯಾಹ್ನದ ಪೇಪರುಗಳಲ್ಲಿ ಕೆಲವು ತಾಲ್ಲೂಕಿನ ಹುಡುಗಿಯರೇ ಜಾಸ್ತಿ ಫೇಲಾಗಿದ್ದರು. ಅದೇ ಹುಡುಗಿಯರು ಬೆಳಗಿನ ಪೇಪರಿನಲ್ಲಿ ಚೆನ್ನಾಗಿಯೇ ಬರೆದಿದ್ದರು.

ಅದೇ ಹೊತ್ತಿಗೆ ಒಂದು ಅರ್ಜಿ ಬಂತು. ನೋಟ್‌ಬುಕ್ಕಿನ ಹಾಳೆ, ಮೂಲೆಗೆ ಬಸ್ ಟಿಕೆಟು ಪಿನ್ ಮಾಡಿತ್ತು. ಬರೆದ ಹುಡುಗಿಯನ್ನು ಕರೆಸಿದೆ. "ಸರ, ಐದಕ್ಕ ಪೇಪರ್ ಮುಗೀತದ್ರಿ. ನಮ್ಮೂರ ಕಡೀ ಬಸ್ಸು ಐದಕ್ಕ ಬಿಡ್ತದ. ಕಡೀ ಪ್ರಶ್ನಿ ಬಿಟ್ಟು ಓಡ್ತೀವ್ರಿ" ಅಂದಳು. ಪಟ್ಟಿಯ ಗುಟ್ಟು ಅಲ್ಲೇ ಬಿಚ್ಚಿಕೊಂಡಿತು.

ಎಲ್ಲರೂ ಬರೆಯಲೇಬೇಕಾದ ಭಾಷಾ ಪೇಪರುಗಳನ್ನು ಬೆಳಿಗ್ಗೆಗೆ ತಂದೆವು. ಮುಂಡರಗಿ, ಶಿರಹಟ್ಟಿ, ಹಿರೇಕೆರೂರಿನಂಥ ಕಡೆಯ ಮಕ್ಕಳಿಗೆ ಹತ್ತಿರದಲ್ಲೇ ಕೇಂದ್ರ ಕೊಡುವ ಮಾತು ಎತ್ತಿದಾಗ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯಲ್ಲಿ ಗದ್ದಲವೇ ಆಯಿತು. ಸಣ್ಣ ಕೇಂದ್ರ ಅಂದರೆ ಕಾಪಿ ಹೊಡೆಯುವ ಜಾಗ ಅಂತ ಆಕ್ಷೇಪ. ಸುಳ್ಳಲ್ಲ ಅದು. ಅದಕ್ಕೇ ಒಂದು ಕಾಲೇಜಿನ ಮೇಲ್ವಿಚಾರಕರನ್ನು ಇನ್ನೊಂದಕ್ಕೆ ಹಾಕಿದೆವು. ಪ್ರಾಚಾರ್ಯರು ಗೊಣಗಿದರು, ಭತ್ಯೆಯ ಖರ್ಚೂ ಏರಿತು. ಮಧ್ಯಾಹ್ನವೇ ಉಳಿದ ಪೇಪರುಗಳಿಗಾಗಿ ಬಸ್ ಡಿಪೋಗೆ ನಾನೇ ಹೋಗಿ ಮ್ಯಾನೇಜರ್ ಎದುರು ಕೂತೆ. ಪರೀಕ್ಷೆ ದಿನಗಳಲ್ಲಷ್ಟೇ ಬಸ್ಸು ಅರ್ಧ ಗಂಟೆ ತಡವಾಗಿ ಬಿಡಲು ಒಪ್ಪಿದರು. ಕುಲಪತಿ ಡಿಪೋಗೆ ಹೋಗಬಾರದಿತ್ತು ಅಂದವರಿದ್ದಾರೆ. ಇರಲಿ ಬಿಡಿ.

ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಅಷ್ಟು ವರ್ಷ ಸಿಕ್ಕರೆ ಒಂದು ಕ್ಯಾಂಪಸ್ಸನ್ನೇ ಕಟ್ಟಿ ನಿಲ್ಲಿಸಬಹುದು. ಈಗ ಅವಧಿ ನಾಲ್ಕೇ ವರ್ಷ. ಮೊದಲ ವರ್ಷ ಕಡತ ಓದುವುದರಲ್ಲಿ ಹೋಗುತ್ತದೆ, ಕಡೆಯ ವರ್ಷ ಮುಂದೆ ಯಾರು ಬರುತ್ತಾರೆ ಅನ್ನುವ ಗುಸುಗುಸುವಿನಲ್ಲಿ. ಹೀಗಾಗಿ ನಾನು ಕಟ್ಟಡದ ಗೊಡವೆಗೆ ಹೋಗಲಿಲ್ಲ.

ಈಗ ಪ್ರವೇಶವೆಲ್ಲ ಆನ್‌ಲೈನ್. ವಿದ್ಯಾರ್ಥಿಯ ವಿಳಾಸ ಕಂಪ್ಯೂಟರಿನಲ್ಲೇ ಇರುತ್ತದೆ. ಹೊಸ ಕುಲಪತಿಗಳು ಈ ತಾಲ್ಲೂಕುವಾರು ಪಟ್ಟಿಯನ್ನು ಪರೀಕ್ಷೆ ವೇಳಾಪಟ್ಟಿಗೆ ಸಹಿ ಹಾಕುವ ಮೊದಲೇ ತರಿಸಿಕೊಳ್ಳಲಿ. ಪಕ್ಕದಲ್ಲಿ ಬಸ್ಸಿನ ವೇಳಾಪಟ್ಟಿಯೂ ಇರಲಿ.